ಫೋನಿನ ಮುಂದೆ ಎದ್ದು ನಿಲ್ಲುವ ಕುರಿತು

ನ್ಯಾಯಾಲಯ ಕಛೇರಿ, ನ್ಯಾಮೊಸೆಂಗೊ, ಕೆನ್ಯಾ
ಸಂಖ್ಯೆ: ನ್ಯಾಕ/ಆನ್‌ಲೈನ್/ಮೊಣಕಾಲು/07

ವಿಷಯ: ಕಕ್ಷಿದಾರರು ಎದ್ದು ನಿಂತು ಗೈರುಹಾಜರಾಗುತ್ತಿರುವ ಬಗ್ಗೆ.
ಉಲ್ಲೇಖ: ನೆರೆಯ ಮಕೋರಿಯವರು ಬೇಲಿ ಹಾಕಿ ಹಾದಿ ಮುಚ್ಚಿದ್ದರ ವಿರುದ್ಧ ಮಾಮಾ (ಇಲ್ಲಿನ ಮಾತಿನಲ್ಲಿ ಅಮ್ಮ) ಬೊಸಿಬೊರಿಯವರ ದಾವೆ.

ವಿಚಾರಣೆಗಳು ಫೋನಿಗೆ ವರ್ಗಾವಣೆಗೊಂಡ ಮೇಲೆ, ಎಪ್ಪತ್ತಾರು ವರ್ಷದ ಮಾಮಾ ಬೊಸಿಬೊರಿಯವರು ಮೂರು ಬಾರಿ ಗೈರುಹಾಜರೆಂದು ದಾಖಲಾಗಿದೆ. ನಾಲ್ಕನೆಯ ಗೈರಿಗೆ ದಾವೆ ವಜಾ ಆಗುವುದು. ನೀರಿನ ಒರತೆಗೂ ರಸ್ತೆಗೂ ಅವರಿಗಿರುವ ಒಂದೇ ಹಾದಿ ಮುಚ್ಚಿಯೇ ಉಳಿಯುವುದು. ಪರಿಶೀಲಿಸಲಾಗಿ, ಸದರಿಯವರು ಬಾಳೆಗೊನೆಗೆ ಫೋನ್ ಒರಗಿಸಿ ಕಾದಿದ್ದು, ದಂಡಾಧಿಕಾರಿಗಳು ಪರದೆಗೆ ಬಂದೊಡನೆ ಎದ್ದು ನಿಂತಿದ್ದು, ಕ್ಯಾಮೆರಾಕ್ಕೆ ಮೊಣಕಾಲು ಮಾತ್ರ ಲಭ್ಯವಾಗಿದ್ದು ಕಂಡುಬಂದಿದೆ. ಧ್ವನಿಮುದ್ರಿಕೆಯ ಭಾಗ:

ಗುಮಾಸ್ತ: “ಮಾಮಾ, ಕೂತ್ಕೊಳ್ಳಿ, ಮುಖ ಕಾಣ್ತಿಲ್ಲ!”
ಮಾಮಾ: “ಸಾಹೇಬ್ರು ಹೇಳೋಕೆ ಮುಂಚೆ ಹೆಂಗೆ ಕೂರ್ಲಪ್ಪಾ? ನಿಮ್ಮಮ್ಮ ನಿಂಗೆ ಇಷ್ಟೂ ಕಲಿಸ್ಲಿಲ್ವಾ?”

ಆದಕಾರಣ ಈ ಮೂಲಕ ಸೂಚಿಸಲಾಗಿದೆ:

1. ಎದ್ದು ನಿಲ್ಲುವವರು ಫೋನನ್ನೂ ಎಬ್ಬಿಸತಕ್ಕದ್ದು.

2. ಫೋನನ್ನು ಆವಕಾಡೊ ಮರಕ್ಕೆ ಕಟ್ಟಿದ್ದಲ್ಲಿ, ಮುಖವನ್ನು ಕುಳಿತಲ್ಲೇ ಬಿಟ್ಟು ಉಳಿದ ಭಾಗ ಮಾತ್ರ ಏಳತಕ್ಕದ್ದು.

3. ವಕೀಲರಿಗೆ ಏಳುವುದರಿಂದ ವಿನಾಯಿತಿ ನೀಡಲಾಗಿದೆ. ಕಳೆದ ಮಂಗಳವಾರ ವಕೀಲ ಒನ್ಸೊಂಗೊ ಅವರು ಎದ್ದಾಗ, ಕರಿಕೋಟಿನ ಕೆಳಗಿದ್ದ ಫುಟ್‌ಬಾಲ್ ಚಡ್ಡಿ ದಾಖಲೆಗೆ ಸೇರಿದ್ದು, ಅದನ್ನು ಹಿಂಪಡೆಯಲು ಅರ್ಜಿ ಬಂದಿರುತ್ತದೆ.

4. ಮಾಮಾ ಅವರ ಹಿಂದೆ ಹಾದುಹೋದ ಕೋಳಿಗೆ, ಮುಖ ಸ್ಪಷ್ಟವಾಗಿ ಕಂಡಿತೆಂಬ ಕಾರಣಕ್ಕೆ ಗುಮಾಸ್ತರು ಹಾಕಿದ ಹಾಜರಿಯನ್ನು ರದ್ದುಪಡಿಸಲಾಗಿದೆ. ಕೋಳಿಯ ಆಕ್ಷೇಪಣೆಗೆ ಏಳು ದಿನ ಕಾಲಾವಕಾಶವಿದೆ.

5. ಮೂರೂ ಬಾರಿ ದಂಡಾಧಿಕಾರಿಗಳು “ಕೂತ್ಕೊಳ್ಳಿ” ಎಂದಿದ್ದು, ಅವರ ಮೈಕ್ ಬಂದ್ ಆಗಿದ್ದುದು ತಡವಾಗಿ ಗಮನಕ್ಕೆ ಬಂದಿದೆ. ಗೈರುಹಾಜರಾಗಿದ್ದುದು ಅವರ ಧ್ವನಿಯೇ ಹೊರತು ಮಾಮಾ ಅಲ್ಲ. ಮುದುಕಿಯನ್ನು ಅಷ್ಟು ಹೊತ್ತು ನಿಲ್ಲಿಸಿದ್ದಕ್ಕೆ ಕಛೇರಿಗೆ ನಾಚಿಕೆಯಾಗಿದೆಯೆಂದು ಕಡತದಲ್ಲಿ ನಮೂದಿಸಲಾಗಿದೆ. ಸದರಿ ಮೊಣಕಾಲುಗಳನ್ನು ಪೂರ್ಣ ಹಾಜರಿಯೆಂದು ಪರಿಗಣಿಸಿ, ಮೂರು ಗೈರುಗಳನ್ನು ಅಳಿಸಲಾಗಿದೆ.

6. ಮುಂದಿನ ವಿಚಾರಣೆಯಲ್ಲಿ ಮಾಮಾ ಕುಳಿತುಕೊಳ್ಳುವವರೆಗೆ ನ್ಯಾಯಾಲಯವೇ ನಿಂತಿರತಕ್ಕದ್ದು.

ಸಹಿ/-
(ಟಿ. ಮೊಮಾನ್ಯಿ)
ಕಛೇರಿ ಅಧಿಕಾರಿ
(ಕುಳಿತು ಸಹಿ ಮಾಡಲಾಗಿದೆ)

ಪ್ರತಿಗಳು:
ದಂಡಾಧಿಕಾರಿಗಳಿಗೆ, ಮೈಕಿನ ಗುಂಡಿಯ ಚಿತ್ರ ಸಹಿತ.
ವಕೀಲ ಒನ್ಸೊಂಗೊ ಅವರಿಗೆ, ಪ್ಯಾಂಟಿನ ಬಗ್ಗೆ ಸೂಕ್ತ ಕ್ರಮಕ್ಕಾಗಿ.
ಮಾಮಾ ಬೊಸಿಬೊರಿಯವರಿಗೆ, ಜಾಲತಾಣ ಕೆಟ್ಟಿರುವುದರಿಂದ ಅಮೀನರ ಮೂಲಕ ಖುದ್ದಾಗಿ.
ಶ್ರೀ ಮಕೋರಿಯವರಿಗೆ: ಮೇಲ್ಕಂಡ ಅಮೀನರಿಗೆ ಮಾಮಾ ಅವರ ಮನೆಗೆ ಬೇರೆ ಹಾದಿ ಇಲ್ಲದ ಕಾರಣ, ಬೇಲಿಯನ್ನು ಕೂಡಲೇ ತೆಗೆಯತಕ್ಕದ್ದು. ತಿರುಗಿ ಮುಚ್ಚುವ ಬಗ್ಗೆ ಈ ಕಛೇರಿಯಲ್ಲಿ ಯಾವುದೇ ನಮೂನೆ ಲಭ್ಯವಿರುವುದಿಲ್ಲ.