ಅತ್ತೆಯ ಎಡಗಡೆ ನಿಂತವರು

ಜನ್ನಾಪುರದ ನಮ್ಮ ಸೋದರತ್ತೆಯ ಪರಿಚಯಸ್ಥರಲ್ಲಿ ಅರ್ಧ ಮಂದಿ ಮನುಷ್ಯರೇ ಅಲ್ಲ! ಸೋಡಾಬುಡ್ಡಿ ಕನ್ನಡಕದೊಳಗಿಂದ ಅವರು ಲೈಟುಕಂಬಕ್ಕೆ ನಮಸ್ಕಾರ ಹೇಳಿದ್ದುಂಟು. ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯಲ್ಲಿ ಸೀರೆ ಉಡಿಸಿ ನಿಲ್ಲಿಸಿದ್ದ ಗೊಂಬೆಯ ಹತ್ತಿರ ಮಗಳ ಮದುವೆ ವಿಚಾರಿಸಿದ್ದುಂಟು. ಗೊಂಬೆ ಬಾಯಿ ಬಿಡದಿದ್ದಾಗ, "ಏನು ಜಂಭ ಮಾರಾಯ ಇವಳಿಗೆ" ಎಂದು ನನಗೆ ದೂರು ಬೇರೆ.

ಅಂಥ ಅತ್ತೆಗೆ ಈಚೆಗೆ ಎರಡೂ ಕಣ್ಣಿನ ಪೊರೆ ತೆಗೆಸಿದೆವು. ಲೋಕ ನಿಚ್ಚಳವಾಯಿತು. ಮೊದಲು ನನ್ನನ್ನೇ ನೋಡಿ, "ನಿನ್ ತಲೆ ಇಷ್ಟು ಬೋಳಾಗಿದೆ ಅಂತ ಯಾರೂ ಹೇಳಲೇ ಇಲ್ವಲ್ಲೋ" ಎಂದರು.

ಕೆಲವು ವಾರ ಕಳೆದು ಒಂದು ಸಂಜೆ ಹೋದರೆ, ಮನೆಯಲ್ಲಿ ದೀಪವಿಲ್ಲ. ಮಬ್ಬುಗತ್ತಲಲ್ಲಿ ಅತ್ತೆ ಒಬ್ಬರೇ ಕೂತು ಯಾರ ಜೊತೆಗೋ ಮೆಲ್ಲಗೆ ಮಾತಾಡುತ್ತಿದ್ದರು. ಮುಂದೆ ಎರಡು ಲೋಟ ಕಾಫಿ.

"ಇನ್ನೊಂದು ಯಾರಿಗತ್ತೆ?"

"ನಿಮ್ ಮಾವಂಗೆ. ಸಕ್ಕರೆ ಹಾಕಿಲ್ಲ, ಶುಗರ್ ಇತ್ತಲ್ಲ."

ಮಾವ ತೀರಿಕೊಂಡು ವರ್ಷ ದಾಟಿತ್ತು. ಸ್ವಿಚ್ಚಿನತ್ತ ಕೈ ಚಾಚಿದೆ.

"ಲೈಟ್ ಹಾಕ್ಬೇಡ. ನಿನ್ನೆಯಿಂದ ಎಡಗಡೆ ಬಂದು ನಿಲ್ತಾರೆ. ಕತ್ತಲಲ್ಲಿ ಕಣ್ಣು ತಿರುಗಿಸಿದ್ರೆ ಫಳ್ ಅಂತ ಮಿಂಚಿ ಹೋಗ್ತಾರೆ. ಹಿಂದೇನೇ ಕಪ್ಪು ನುಸಿ ಹಿಂಡು."

ತಿರುಗಿ ನೋಡಿದೆ. ಎಡಗಡೆ ಬರೀ ಗೋಡೆ. ಆದರೂ ಆ ಕಡೆ ಹೋಗಲು ಕಾಲು ಬರಲಿಲ್ಲ.

ಅಷ್ಟರಲ್ಲಿ ಆಪರೇಷನ್ ಮಾಡಿದ ಡಾಕ್ಟರಮ್ಮನ ಮಾತು ನೆನಪಾಯಿತು. ಇಷ್ಟೊಂದು ಮೈನಸ್ ಪವರ್ ಇರುವವರ ಕಣ್ಣಿನ ಹಿಂದಿನ ಪರದೆ ತೆಳು, ಪೊರೆ ತೆಗೆದ ಮೇಲೆ ಹರಿಯಬಹುದು. ಮಿಂಚು, ತೇಲುವ ಚುಕ್ಕೆ, ನೆರಳು ಕಂಡರೆ ಅವತ್ತೇ ಓಡಿ ಬನ್ನಿ ಎಂದಿದ್ದರು.

"ನೀವೂ ಕೇಳಿಸ್ಕೊಂಡಿದ್ರಲ್ಲ ಅತ್ತೆ, ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ವಾಸಿ ಮಾಡ್ಬಿಡ್ತಾರೆ."

"ಕಣ್ಣೇ ಹೋದ್ರೆ ಮಾವನ ಫೋಟೋನೂ ಕಾಣಲ್ಲ" ಎಂದೆ. ಅತ್ತೆ ಎದ್ದು ಚಪ್ಪಲಿ ಮೆಟ್ಟಿದರು.

ಶಿವಮೊಗ್ಗದಲ್ಲಿ ಡಾಕ್ಟರಮ್ಮ ಹನಿ ಹಾಕಿ ನೋಡಿದರು. ಎಡಗಣ್ಣಿನ ಪರದೆ ಹರಿದಿತ್ತು, ಪುಣ್ಯಕ್ಕೆ ಕಳಚಿರಲಿಲ್ಲ. ಹರುಕಿನ ಸುತ್ತ ಲೇಸರ್‌ನಲ್ಲಿ ಬೆಸುಗೆ ಹಾಕಿದರು.

"ಮಿಂಚು ನಿಂತೋಗುತ್ತಾ?" ಅತ್ತೆ ಕೇಳಿದರು.

"ನಿಧಾನಕ್ಕೆ ನಿಲ್ಲುತ್ತಮ್ಮ, ಗಾಬರಿ ಬೇಡ" ಎಂದು ಡಾಕ್ಟರಮ್ಮ ನಕ್ಕರು. ಅತ್ತೆ ನಗಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವರ ಬಲಕ್ಕೆ ಕೂರಲು ಹೋದೆ. ತೋಳು ಹಿಡಿದು ಎಡಗಡೆಗೆ ಎಳೆದುಕೊಂಡರು.

"ಈ ಕಡೆ ಕೂತ್ಕೋ ಮಾರಾಯ. ಇಲ್ಲಿ ಖಾಲಿ ಇದ್ರೆ ಇನ್ಮೇಲೆ ಭಯ ಆಗುತ್ತೆ."

ಬಸ್ಸು ಮಲವಗೊಪ್ಪ ದಾಟಿದರೂ ಹಿಡಿದ ಕೈ ಬಿಡಲಿಲ್ಲ.