ಕಪಿಲೆಯ ಬಾಗಿನ ಕಿತ್ತುಕೊಂಡ ಕೋತಿಯವರಿಗೆ

ಕಾವೇರಿ ಕಮರಿಯ ಅಂಚಿನ ಕಬ್ಬಿಣದ ಬೇಲಿಯ ಮೇಲೆ ಸದಾ ಹಾಜರಿರುವ ಮಾನ್ಯರೇ,

ತಿ. ನರಸೀಪುರದಿಂದ ಬಸವಪ್ರಸಾದನ ಅನಂತ ನಮಸ್ಕಾರಗಳು. ತಾವೂ ತಮ್ಮ ಪರಿವಾರವೂ ಆ ವನ್ಯಧಾಮದಲ್ಲಿ ಕ್ಷೇಮವೆಂದು ನಂಬಿದ್ದೇನೆ. ನಮ್ಮ ಮನೆಯಲ್ಲಿ ಕ್ಷೇಮವಿಲ್ಲ. ಅದಕ್ಕೆ ಕಾರಣರಾದ ತಮಗೇ ಈ ಬಹಿರಂಗ ಪತ್ರ.

ಕಳೆದ ಭಾನುವಾರ ತಾವು ಕಿತ್ತುಕೊಂಡ ಮೊರದ ಬಾಗಿನ ನನ್ನ ತಾಯಿ ಗುರುಸಿದ್ದಮ್ಮನವರದು. ಅವರು ನಂಜನಗೂಡಿನ ಮಗಳು; ತವರಲ್ಲಿ ಹೆಸರು ರಾಣಿ. ಮದುವೆಯಾಗಿ ನರಸೀಪುರಕ್ಕೆ ಬಂದ ದಿನವೇ ಅತ್ತೆಮನೆಯವರು ಪದ್ಧತಿಯಂತೆ ಹೆಸರು ಬದಲಿಸಿದರು. ನಂಜನಗೂಡಿನ ಕಪಿಲೆಯೂ ನರಸೀಪುರಕ್ಕೇ ಬಂದು ಕಾವೇರಿಯನ್ನು ಸೇರಿ, ಅಲ್ಲಿಂದಾಚೆ ಕಾವೇರಿಯೆಂದೇ ಕರೆಸಿಕೊಳ್ಳುತ್ತಾಳಾದ್ದರಿಂದ, ತಾನೂ ಕಪಿಲೆಯೂ ಒಂದೇ ಊರಿನಿಂದ ಒಂದೇ ಊರಿಗೆ ಬಂದ ಸೊಸೆಯರೆಂಬುದು ಅಮ್ಮನ ಲೆಕ್ಕ. ಮುಂದಕ್ಕೆ ಹರಿದುಹೋದ ಅವಳಿಗೆ ತವರಿನ ಬಾಗಿನ ಮುಟ್ಟಿಸಬೇಕೆಂದು ನಮ್ಮನ್ನೆಲ್ಲ ಹೊರಡಿಸಿದವರು ಅವರೇ. ನಾನು ಆನೆ ನೋಡಲು ಬಂದವನು.

ಬಂದರೆ ಕಮರಿ ಆಳ, ನೀರಿಗೆ ಇಳಿಯುವಂತಿಲ್ಲ, ಫಲಕಗಳಲ್ಲೆಲ್ಲ ಕಾವೇರಿಯ ಹೆಸರೊಂದೇ. “ನಮ್ ಕಪಿಲೆ ಎಲ್ಲವ್ಳಪ್ಪಾ?” ಎಂದು ಅಮ್ಮ ಅರಣ್ಯ ಕಾವಲುಗಾರ ಮಾದಯ್ಯನವರನ್ನು ಕೇಳಿದರು. “ಆ ಎಸ್ರಿನೋರು ಇಲ್ಲ್ಯಾರೂ ಇಲ್ಲ ಕಣವ್ವಾ” ಎಂದರು ಅವರು. ಅಮ್ಮನ ಕಣ್ಣು ತುಂಬಿಬಂತು. ನನಗೆ ಆನೆಯೂ ಬೇಡ, ಏನೂ ಬೇಡ ಅನ್ನಿಸಿತು.

ಆಗ ತಾವು ದಯಮಾಡಿಸಿ ಮೊರಕ್ಕೆ ಕೈಹಾಕಿದಿರಿ. ನಾವೆಲ್ಲ ಕಿರುಚಿಕೊಂಡೆವು, ಅಮ್ಮ ಮಾತ್ರ, ಬಾಗಿನವನ್ನು ಸೆರಗು ಹಿಡಿಯದೆ ಕೊಡಬಾರದೆಂದು, ಆ ಎಳೆದಾಟದಲ್ಲೂ ಸೆರಗನ್ನು ಮೊರದ ಮೇಲೆ ಹೊದಿಸಿ ಕ್ರಮವಾಗಿ ತಮ್ಮ ಕೈಗೆ ಒಪ್ಪಿಸಿದರು. ತಾವೋ ಬೆಲ್ಲವನ್ನಷ್ಟೇ ಕೂಲಿಯೆಂದು ಇಟ್ಟುಕೊಂಡು, ಬಳೆ, ಅರಿಶಿನ, ರವಿಕೆ ಕಣಗಳ ಸಮೇತ ಉಳಿದದ್ದನ್ನು ನೇರ ನದಿಗೇ ಎಸೆದಿರಿ. ಇಷ್ಟು ಚುರುಕಿನ ವಿಲೇವಾರಿಯನ್ನು ನಾನು ಯಾವ ಕಚೇರಿಯಲ್ಲೂ ಕಂಡಿಲ್ಲ.

ಆದಕಾರಣ ಮಾನ್ಯರು ಕಮರಿಗಿಳಿದು, ಬಾಗಿನ ತಲುಪಿದ್ದಕ್ಕೆ ಕಪಿಲೆಯ ರುಜು ಪಡೆದು ಕಳಿಸಬೇಕಾಗಿಯೂ, ಫಲಕಗಳಲ್ಲಿ ಅವಳ ಹೆಸರನ್ನು ತಮ್ಮ ಅಮೃತಹಸ್ತದಿಂದಲೇ ಸೇರಿಸಬೇಕಾಗಿಯೂ ವಿನಂತಿ.

ಆ ಬೆಲ್ಲ ಚೆನ್ನಾಗಿ ಅರಗಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಬಸವಪ್ರಸಾದ್

ವಿ.ಸೂ.: “ಬಾಗ್ನ ಈಸ್ಕಂಡ್ಲು, ಅಂದ್ರೆ ನಮ್ ಕಪಿಲೆ ಇನ್ನೂ ಅವ್ಳೆ” ಎಂದು ಅಮ್ಮ ಊರಿಗೆ ಬಂದಾಗಿನಿಂದ ಗೆಲುವಾಗಿದ್ದಾರೆ. ತೊಂದರೆ ಅಪ್ಪನದು, ಇನ್ನು ಮುಂದೆ ಅವರ ಕಾಫಿಯ ಹೊಣೆ ತಮ್ಮದೇ. ಇವತ್ತು ಬೆಳಿಗ್ಗೆಯಿಂದ “ಗುರುಸಿದ್ದಮ್ಮಾ, ಕಾಫಿ” ಎಂದು ಕೂಗುತ್ತಲೇ ಇದ್ದಾರೆ. ಅಡುಗೆಮನೆಯಿಂದ ಬರುವ ಉತ್ತರ ಒಂದೇ: “ಆ ಎಸ್ರಿನೋರು ಇಲ್ಲ್ಯಾರೂ ಇಲ್ಲ.”