ಮನೆಯಾಳಿದ ದೇವದಾನಪ್ಪ

ವಾಡಿ ಜಂಕ್ಷನ್ನಿನಲ್ಲಿ ನಿಜಾಮರ ರೈಲ್ವೆ ಹೋಗಿ ಸೆಂಟ್ರಲ್ ರೈಲ್ವೆ ಬಂತು, ಟೋಪಿಯ ಮೇಲಿನ ಬಿಲ್ಲೆ ಬದಲಾಯಿತು. ಪಾಯಿಂಟ್ಸ್‌ಮನ್ ದೇವದಾನಪ್ಪನ ಮನೆಯ ಕಾಯಿದೆ ಮಾತ್ರ ಒಂದಕ್ಷರವೂ ಬದಲಾಗಲಿಲ್ಲ. ಆ ಕಾಯಿದೆಯ ಪ್ರಕಾರ ಗಂಡುಮಕ್ಕಳದು ಒಂದು ಲೈನು, ಹೆಣ್ಣುಮಕ್ಕಳದು ಇನ್ನೊಂದು. ಎರಡನ್ನೂ ಒಂದೇ ಲೈನಿಗೆ ಬಿಟ್ಟರೆ ಡಿಕ್ಕಿ ಖಂಡಿತ ಎಂಬುದು ಹದಿನೆಂಟು ವರ್ಷ ಹಳಿ ತಿರುಗಿಸಿದವನ ಸಿದ್ಧಾಂತ. (ಇದು ಸತ್ಯವೇದದಲ್ಲಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ "ಹುಡುಕಿದ್ರ ಸಿಗ್ತದ" ಎನ್ನುತ್ತಿದ್ದ. ತಾನು ಹುಡುಕಿರಲಿಲ್ಲ.)

ಹೀಗಾಗಿ ಹದಿನಾಲ್ಕರ ಮಗ ಯೋನಪ್ಪ ಕುಟುಂಬ ಪ್ರಾರ್ಥನೆಯಲ್ಲಿ ಸತ್ಯವೇದ ಓದಬೇಕು, ಉದ್ದುದ್ದ ಪ್ರಾರ್ಥನೆ ಮಾಡಬೇಕು, ಅಡಿಗೆಮನೆಯ ಹೊಸ್ತಿಲು ತುಳಿಯಕೂಡದು. ಹನ್ನೆರಡರ ಮಗಳು ಸಾರಮ್ಮ ರೊಟ್ಟಿ ಬಡಿಯಬೇಕು, ಪ್ರಾರ್ಥನೆ ಮುಗಿದಾಗ "ಆಮೆನ್" ಎನ್ನಬೇಕು. ಅದನ್ನೂ ಮೆಲ್ಲಗೆ. ಇಷ್ಟು ಅಪ್ಪಣೆ ಹೊರಡಿಸಿ ದೇವದಾನಪ್ಪ ದಿನಾ ಸಂಜೆಯ ಪಾಳಿಗೆ ಹೊರಟುಬಿಡುತ್ತಿದ್ದ.

ಹೆಂಡತಿ ರಾಹೇಲಮ್ಮ ಒಮ್ಮೆ ತಕರಾರು ತೆಗೆದಿದ್ದಳು.

"ಏನ್ರೀ, ಕರ್ತ ತನ್ನ ಕೈಯಾರ ಶಿಷ್ಯರ ಕಾಲು ತೊಳದಾನ. ನೀವು ಉಂಡ ಗಂಗಾಳ ಸೈತ ಎತ್ತಂಗಿಲ್ಲ."

"ಅಂವ ಕರ್ತ ಇದ್ದ, ಮಾಡ್ದ. ನಾ ಬರೇ ಪಾಯಿಂಟ್ಸ್‌ಮನ್. ಅಷ್ಟು ದೊಡ್ಡ ಕೆಲಸ ನನ್ನ ಕೈಲಿ ಆಗ್ತದೇನು?"

ಅವನ ವಿನಯ ಗಂಗಾಳ ತೊಳೆಯುವ ಮಾತು ಬಂದಾಗ ಮಾತ್ರ ಪ್ರಕಟವಾಗುತ್ತಿತ್ತು.

ಆ ವರ್ಷ ಚರ್ಚಿನ ಸಭೆಯ ಹಿರಿಯನ ಸ್ಥಾನ ಖಾಲಿಯಾಯಿತು. ದೇವದಾನಪ್ಪನಿಗೆ ಏಳು ವರ್ಷದಿಂದ ಅದರ ಮೇಲೆ ಕಣ್ಣು. ಮುಂದಿನ ಬೆಂಚು, ಕೈಯಲ್ಲಿ ಕಾಣಿಕೆಯ ಚೀಲ, ಎದುರಾದವರೆಲ್ಲ "ಹಿರಿಯರೇ, ವಂದನೆ" ಎನ್ನುವುದು. ನೆನೆದರೇ ಮೈ ಜುಮ್ಮೆನ್ನುತ್ತಿತ್ತು. ಆದರೆ ಹಿರಿಯನಾಗುವವನು ತನ್ನ ಮನೆಯನ್ನು ಚೆನ್ನಾಗಿ ಆಳುವವನಾಗಿರಬೇಕೆಂದು ಸತ್ಯವೇದದಲ್ಲಿ ಪೌಲನೇ ಬರೆದಿಟ್ಟಿದ್ದಾನೆ. ಅದನ್ನು ಕಣ್ಣಾರೆ ನೋಡಲು ಪಾಸ್ಟರ್ ಯೆಶಾಯಪ್ಪನವರು ಭಾನುವಾರ ಊಟಕ್ಕೆ ಬರುತ್ತೇನೆಂದರು. ನೋಡಲಿ! ಇಂಥ ಆಳ್ವಿಕೆ ಶಹಾಬಾದಿನಿಂದ ಚಿತ್ತಾಪುರದವರೆಗೆ ಯಾರ ಮನೆಯಲ್ಲಿದೆ?

ಭಾನುವಾರ ಪಾಸ್ಟರು ಶಹಾಬಾದಿನ ಪ್ಯಾಸೆಂಜರಿಗೆ ಬಂದಿಳಿದರು.

"ಬರ್ರಿ ಅಯ್ಯೋರ, ಕುಂದ್ರಿ" ಎನ್ನುತ್ತ ರಾಹೇಲಮ್ಮ ಚಾಪೆ ಹಾಸಿದಳು.

"ಮಗ ಎಲ್ಲಿ?" ಎಂದರು ಪಾಸ್ಟರು.

"ತನ್ನ ಕೆಲಸದಾಗ ಇದ್ದಾನ್ರಿ" ಎಂದಳು ಅವಳು. ಕಂಠಪಾಠ ನಡೆದಿದೆ ಎಂದು ದೇವದಾನಪ್ಪ ಮೀಸೆ ನೀವಿಕೊಂಡ.

ಪಾಸ್ಟರು ಬಿಸಿ ರೊಟ್ಟಿ, ಪುಂಡಿಪಲ್ಯಕ್ಕೆ ಕೈಹಚ್ಚಿದರು. ಆತಿಥೇಯನು ಎರಡು ಲೈನಿನ ಸಿದ್ಧಾಂತವನ್ನು ವಿವರಿಸಿದನು. ಮೂರನೆಯ ರೊಟ್ಟಿಗೆ ಪಾಸ್ಟರು ತಲೆಯಾಡಿಸಿದರು.

"ರೊಟ್ಟಿ ಭಾಳ ಛಲೋ ಆಗ್ಯಾವ."

"ಮಗಳ ಕೈರಿ ಅಯ್ಯೋರ. ತೆಳ್ಳಗ, ಹಾಳಿ ಇದ್ದಂಗ. ಎಲ್ಲಾ ನಂದೇ ತಾಲೀಮು!"

ಆಗ ಸಾರಮ್ಮ ನೀರಿನ ತಂಬಿಗೆ ಹಿಡಿದು ಬಂದಳು. ಹಿಂದೆಯೇ ರಾಹೇಲಮ್ಮ ಪಲ್ಯ ತಂದಳು. ಅಡಿಗೆಮನೆಯಿಂದ ಪಟಪಟ ಪಟಪಟ ಎಂದು ರೊಟ್ಟಿ ಬಡಿಯುವ ಸದ್ದು ಬರುತ್ತಲೇ ಇತ್ತು. ಪಾಸ್ಟರು ತಾಯಿಯನ್ನು ನೋಡಿದರು, ಮಗಳನ್ನು ನೋಡಿದರು, ಕಿವಿಗೊಟ್ಟು ಆಲಿಸಿದರು.

"ಹೆಣ್ಮಕ್ಕಳು ಇಬ್ರೂ ಇಲ್ಲೇ ಇದ್ದೀರಿ. ಒಳಗ ಬಡಿಯಾಕತ್ತವರು ಯಾರು?"

"ಬಾಜೂ ಮನಿ ತಾಜುನ್ನಿಸಾ ಇರಬೇಕ್ರಿ" ಎಂದ ದೇವದಾನಪ್ಪ, ನಿಜವಾಗಿಯೂ ಹಾಗೆಂದೇ ನಂಬಿ. "ಏ ಯೋನಾ! ಬಾ ಇಲ್ಲಿ, ಅಯ್ಯೋರ ಮುಂದ ಪ್ರಾರ್ಥನಾ ಮಾಡು!"

"ಬಂದೆ ಅಪ್ಪಾ, ಹಂಚಿನ ಮ್ಯಾಲ ಒಂದು ಅದ!"

ಮೊಳಕೈತನಕ ಜೋಳದ ಹಿಟ್ಟು ಮೆತ್ತಿಕೊಂಡು ಯೋನಪ್ಪ ಬಂದು ನಿಂತ, ಕಣ್ಣು ಮುಚ್ಚಿದ. "ಪರಲೋಕದ ತಂದೆಯೇ..." ಎಂದ. ಮುಂದಕ್ಕೆ ಏನೂ ಬರಲಿಲ್ಲ. ಮೂಗರಳಿಸಿದ. "ತಂದೆಯೇ, ರೊಟ್ಟಿ ಹೊತ್ತಾಕತ್ತದ, ಆಮೆನ್!" ಎಂದವನೇ ಒಳಗೆ ಓಡಿದ.

ಬಿಟ್ಟುಹೋದ ಪ್ರಾರ್ಥನೆಯನ್ನು ಸಾರಮ್ಮ ಎತ್ತಿಕೊಂಡಳು. ಗಟ್ಟಿ ದನಿಯಲ್ಲಿ ಪಾಸ್ಟರ ಪ್ರಯಾಣಕ್ಕಾಗಿ, ರೋಗಿಗಳಿಗಾಗಿ, ರಾವೂರಿನ ಗಣಿಯಲ್ಲಿ ಕಲ್ಲು ಒಡೆಯುವವರಿಗಾಗಿ ಬೇಡಿ, "ನಮ್ಮ ಅಪ್ಪ ಸಭೆಯೊಳಗ ಹಿರಿಯ ಆಗಲಿ ಕರ್ತನೇ, ಮನಿಯೊಳಗ ಜರಾ ಕಮ್ಮಿ ಆಗಲಿ" ಎಂದು ಮುಗಿಸಿದಳು. ದೇವದಾನಪ್ಪನಿಗೆ ಆಮೆನ್ ಎನ್ನದೆ ವಿಧಿಯಿರಲಿಲ್ಲ.

"ಇದೇನು ಇದು?" ಎಂದು ಹೆಂಡತಿಯ ಮೇಲೆ ಹರಿಹಾಯ್ದ.

"ನೀವು ಡ್ಯೂಟಿಗೆ ಹೋದ ಮ್ಯಾಲ ಮನಿ ನಡೀಬೇಕಲ್ರಿ! ಅವಗ ಓದಕ್ಕ ಕುಂದ್ರಿಸಿದ್ರ ನಿದ್ದಿ ಬರ್ತದ. ಅಕಿಗ ರೊಟ್ಟಿಗೆ ಕುಂದ್ರಿಸಿದ್ರ ಹೈದರಾಬಾದ ಸಂಸ್ಥಾನದ ನಕಾಶಿ ಆಗ್ತದ. ಅದಲು ಬದಲು ಮಾಡಿ ಎರಡು ವರ್ಷ ಆತು."

ಎರಡು ವರ್ಷ! ಮನೆಗೆಲ್ಲ ಗೊತ್ತು, ಮನೆಯಾಳುವವನಿಗೆ ಮಾತ್ರ ಗೊತ್ತಿಲ್ಲ. ಹಿರಿತನ ಕೈಜಾರಿತೆಂದೇ ಅವನು ತಿಳಿದ. ಪಾಸ್ಟರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು.

"ಮನಿ ಚೆಂದ ನಡದದ ದೇವದಾನಪ್ಪ. ಹಿರಿತನ ನಿನಗೇ ಇರಲಿ."

ದೇವದಾನಪ್ಪನ ಎದೆ ಮತ್ತೆ ಉಬ್ಬಿತು.

"ಆದ್ರ ಒಂದು ಮಾತು. ಕರ್ತನ ಅಪೊಸ್ತಲರು ಸಭೆ ಸೇವಾಕ್ಕ ಮೊದಲ ಏಳು ಮಂದಿನ್ನ ಆರಿಸಿದ್ದು ಯಾತಕ್ಕ? ವಿಧವೇರಿಗೆ ಊಟ ಬಡಿಸಕ್ಕ. ಬರೂ ಈಸ್ಟರಿಗೆ ಪ್ರೀತಿಭೋಜನ ಅದ, ನೂರೈವತ್ತು ಮಂದಿ. ಈ ಸಲ ರೊಟ್ಟಿ ಹಿರಿಯರ ಕೈಲೇ ಆಗಲಿ. ಕಲಿಸಕ್ಕ ಮಗ ಇದ್ದಾನಲ್ಲ!"

ಮರುದಿನ ಡ್ಯೂಟಿಗೆ ಹೋಗುವ ಮೊದಲು ಸಭೆಯ ಹೊಸ ಹಿರಿಯರು ಹಿಟ್ಟಿನ ಮುಂದೆ ಮಂಡಿಯೂರಿ ಕುಳಿತರು. ಹೊಗೆಗೆ ಕಣ್ಣು ಕೆಂಪಾಗಿದ್ದವು. ಮೊದಲ ರೊಟ್ಟಿ ಮೂರು ತುಂಡಾಯಿತು, ಎರಡನೆಯದು ಅಂಗೈಗೇ ಅಂಟಿಕೊಂಡಿತು. ಸಿಟ್ಟಿನಿಂದ ಮೂರನೆಯದಕ್ಕೆ ರಪರಪನೆ ಬಾರಿಸತೊಡಗಿದಾಗ ಯೋನಪ್ಪ ತಡೆಯಲಾರದೆ ಕೈ ಹಿಡಿದುಕೊಂಡ.

"ಅಷ್ಟು ಜೋರ್ ಬಡೀಬ್ಯಾಡ ಅಪ್ಪಾ. ಅದು ಹಿಟ್ಟದ, ಮಗ ಅಲ್ಲ."